ದಾವಣಗೆರೆಯಲ್ಲಿ ಎಂ.ಎ. ಮಾಡಿದರೆ ಬೆಲೆ ಇಲ್ಲವೇ? – ಪ್ರತಿಕ್ರಿಯೆ

ದಾವಣಗೆರೆ ವಿ.ವಿ.ಯಲ್ಲಿ ಎಂ.ಎ. ಸೇರೋದು ಬೇಡ ಅಂತ ಮನೆಯವರು ಹೇಳ್ತಾರೆ ಅಂತ ಬರೆದಿದ್ದೀರಿ. "ಬೆಂಗಳೂರಲ್ಲಿ ಓದಿದವರಿಗೇ ಕೆಲಸ, ಶಿವಗಂಗೋತ್ರಿಯ (ದಾವಣಗೆರೆ ವಿ.ವಿ. ಕ್ಯಾಂಪಸ್‌ನ) ಡಿಗ್ರಿ ಯಾರಿಗೆ ಬೇಕು" ಅನ್ನೋ ನಿಮ್ಮ ಮನೆಯವರ ಮಾತಲ್ಲಿ ಎರಡು ಸಂಗತಿ ಕಲಸಿಹೋಗಿವೆ: ವಿ.ವಿ. ಏನು ಕಲಿಸಿತು, ಅಲ್ಲಿಗೆ ಎಂಥವರು ಸೇರಿದರು. ಇಂಗ್ಲಿಷ್ ಮೀಡಿಯಂ, ನಾಲ್ಕು ಪರಿಚಯ, ಕೆಲಸ ಸಿಗೋತನಕ ಖರ್ಚಿಗೆ ಕೊಡೋ ಅಪ್ಪ ಇದ್ದವರು ಎಲ್ಲಿ ಓದಿದ್ದರೂ ಬಹುಶಃ ದಡ ಸೇರುತ್ತಿದ್ದರು. ಫ್ರೆಂಚ್ ಸಮಾಜಶಾಸ್ತ್ರಜ್ಞ ಬೋರ್ದಿಯು ಇಂಥ ಭಾಷೆ-ಓದನ್ನು ಸಾಂಸ್ಕೃತಿಕ ಬಂಡವಾಳ, ಪರಿಚಯಗಳನ್ನು ಸಾಮಾಜಿಕ ಬಂಡವಾಳ, ದುಡ್ಡನ್ನು ಆರ್ಥಿಕ ಬಂಡವಾಳ ಅಂದ.

ಮೊದಲು ಹೋಲಿಕೆ ಸರಿಮಾಡಿ. ಜಗಳೂರು ಕಡೆಯ ಕನ್ನಡ ಮೀಡಿಯಂ ಹುಡುಗಿ ಇಲ್ಲಿ ಓದಿ ಏನಾದಳು, ಅಂಥದೇ ಮನೆಯಿಂದ ಬೆಂಗಳೂರಿಗೆ ಹೋದವಳು ಏನಾದಳು ಅಂತ ಕೇಳಿ. ಬೆಂಗಳೂರಲ್ಲಿ ಓದಿ ಕೆಲಸ ಹಿಡಿದ ಯಾರೋ ಒಬ್ಬ ಸೋದರಮಾವನ ಮಗನ ಉದಾಹರಣೆ ಲೆಕ್ಕಕ್ಕಿಲ್ಲ.

ಆಮೇಲೆ ರ‍್ಯಾಂಕಿಂಗ್. ಎನ್‌ಐಆರ್‌ಎಫ್‌ನಲ್ಲಿ (ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಕೊಡೋ ಸ್ಥಾನಪಟ್ಟಿ) 100ಕ್ಕೆ 10 ಅಂಕ ಬರೀ ಜನರ ಅಭಿಪ್ರಾಯಕ್ಕೆ, ಅಂದರೆ ಹೆಸರಿದ್ದವರಿಗೆ ಹೆಸರಿನದೇ ಅಂಕ. ಹೆಸರು ಗಳಿಸೋಕೆ ಕಾಲ ಬೇಕು: ಮೈಸೂರು ವಿ.ವಿ. 1916ರದು, ನಮ್ಮ ದಾವಣಗೆರೆಯದು 2009ರದು.

ಆದರೆ ಕೆಲಸಕ್ಕೆ ಸಂದರ್ಶನ ಮಾಡೋರೂ ನಿಮ್ಮ ಮನೆಯವರ ನಂಬಿಕೆಯಲ್ಲೇ ಇದ್ದರೆ ಪೆಟ್ಟು ನಿಜವಾಗಿಯೇ ಬೀಳುತ್ತೆ, ಎಷ್ಟು ಅಂತ ಹೇಳೋದು ಕಷ್ಟ.

ಫೀಸು ಕಟ್ಟುವ ಮುಂಚೆ ವಿ.ವಿ. ಇರುವ ತೋಳಹುಣಸೆಗೆ ಹೋಗಿ ವಿಭಾಗದಲ್ಲೇ ವಿಚಾರಿಸಿ: ಕಾಯಂ ಅಧ್ಯಾಪಕರೆಷ್ಟು, ಅತಿಥಿ ಉಪನ್ಯಾಸಕರೆಷ್ಟು, ಕ್ಷೇತ್ರಕಾರ್ಯ (ಫೀಲ್ಡ್‌ವರ್ಕ್) ಮಾಡಿಸ್ತಾರಾ. ಹಿಂದಿನ ಬ್ಯಾಚಿನವರ ಪ್ರಾಜೆಕ್ಟ್ ವರದಿ ಒಂದೆರಡು ತೆಗೆಸಿ ಓದಿ. ಬೆಂಗಳೂರಲ್ಲೂ ಇದನ್ನೇ ಕೇಳಿ.