ಮೆಟಲ್ ಡಿಟೆಕ್ಟರ್ ಹಿಡಿದು ಮುರುಡೇಶ್ವರದ ಕಡಲತೀರದಲ್ಲಿ, ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ ಹುಡುಕಬಹುದೇ?

ನಾನು ಶಿವಮೊಗ್ಗ ಜಿಲ್ಲೆಯ ಸಾಗರದವನು, ಹಾಗಾಗಿ ಹಿನ್ನೀರಿನ ಬಗ್ಗೆಯೇ ಹೆಚ್ಚು ಹೇಳುತ್ತೇನೆ. ಕಡಲತೀರದ್ದನ್ನು ಮೊದಲು ಮುಗಿಸಿಬಿಡೋಣ. ಕಾನೂನು ನೋಡುವುದು ಯಂತ್ರವನ್ನಲ್ಲ. ನೆಲ ಯಾರದ್ದು, ಸಿಕ್ಕಿದ್ದು ಏನು ಎಂಬುದನ್ನು. ನಿಮ್ಮದೇ ಉಂಗುರ ಮರಳಿನಲ್ಲಿ ಕಳೆದಿದ್ದರೆ ಸ್ಥಳೀಯ ಪೊಲೀಸರಿಗೆ ಹೇಳಿಯೇ ಹುಡುಕಿ. ಬೇರೆಯವರದ್ದು ಸಿಕ್ಕಾಗ, ಒಡೆಯರನ್ನು ಪತ್ತೆ ಮಾಡಲು ದಾರಿಯಿದ್ದೂ ಜೇಬಿಗಿಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಇದೆ. ಹಳೆಯ ಕಾಲದ್ದಾದರೆ ನಿಧಿ ಕಾಯ್ದೆ ಬರುತ್ತದೆ. ಬ್ರಿಟಿಷರ 1878ರ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ಲಿಖಿತವಾಗಿ ತಿಳಿಸಬೇಕು. ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯ್ದೆಯೇ ಇದೆ.

ಇನ್ನು ಹಿನ್ನೀರು. ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನಲ್ಲಿ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ, ಅದನ್ನು ನೋಡಲು ಜನ ಬರುತ್ತಾರೆ. ಬನ್ನಿ, ನೋಡಿ. ಆದರೆ ಆ ಕೆಸರಿನಡಿ ಇರುವುದು 1964ರ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಎದ್ದು ಹೋದವರ ಮನೆಗಳ ಪಂಚಾಂಗ, ಅಂಗಳ, ಬಾವಿಕಟ್ಟೆ. ಆ ಮನೆಗಳ ಹಿರಿಯರು ಕೆಲವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅಲ್ಲಿ ಸಲಾಕೆ ಊರುವುದನ್ನು ನಾನಂತೂ ಒಪ್ಪಲಾರೆ. ಶರಾವತಿ ಕಣಿವೆಯ ಅಭಯಾರಣ್ಯದೊಳಗೆ ಕಾಲಿಡಲೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಇಕ್ಕೇರಿಯ ಅಘೋರೇಶ್ವರ, ಬಳ್ಳಿಗಾವಿಯ ಕೇದಾರೇಶ್ವರದಂಥ ಸಂರಕ್ಷಿತ ಸ್ಮಾರಕಗಳ ಹತ್ತಿರವಂತೂ ಯಂತ್ರವನ್ನು ಚೀಲದಿಂದ ಹೊರಗೆ ತೆಗೆಯಲೇಬೇಡಿ. ನಿಧಿಗಳ್ಳರು ಪೀಠ ಕಿತ್ತು, ನಂದಿಯನ್ನು ಉರುಳಿಸಿ ಹೋದ ಗುಡಿಗಳು ಮಲೆನಾಡಿನಲ್ಲಿ ಎಷ್ಟೋ ಇವೆ. ಯಂತ್ರ ಹಿಡಿದು ಬಂದ ಅಪರಿಚಿತನನ್ನು ಊರಿನವರು ಅನುಮಾನಿಸಿದರೆ ತಪ್ಪು ಅವರದ್ದಲ್ಲ.

ಸಿಕ್ಕ ಜಾಗವೇ ಏಕೆ ಮುಖ್ಯ ಎನ್ನುವಿರಾದರೆ, ಇಕ್ಕೇರಿ ವರಾಹವನ್ನೇ ನೋಡಿ. ಕೆಳದಿ ಅರಸರ ಆ ಚಿನ್ನದ ನಾಣ್ಯದ ಮೇಲೆ ಶಿವಪಾರ್ವತಿಯರಿದ್ದಾರೆ. 1763ರಲ್ಲಿ ಅವರ ರಾಜಧಾನಿ ಬಿದನೂರನ್ನು ಗೆದ್ದ ಹೈದರಾಲಿ ಅದೇ ಶಿವಪಾರ್ವತಿಯರನ್ನು ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವನ್ನು ಹಾಕಿಸಿದ. ಅಂಥ ನಾಣ್ಯ ಯಾವ ಗೋಡೆಯ ಬುಡದಲ್ಲಿ, ಯಾವ ಮಡಕೆಯೊಂದಿಗೆ ಇತ್ತು ಎನ್ನುವುದರಿಂದ ಆ ಮನೆಯ ಕಾಲವನ್ನೇ ಊಹಿಸಬಹುದು. ಕಿತ್ತು ತೊಳೆದು ತಂದರೆ ಉಳಿಯುವುದು ಚಿನ್ನದ ತೂಕ ಮಾತ್ರ.

ಆಕಸ್ಮಿಕವಾಗಿ ಏನಾದರೂ ಕಣ್ಣಿಗೆ ಬಿದ್ದರೆ ಮುಟ್ಟದೆ, ಜಾಗದ ಸಮೇತ ಫೋಟೊ ತೆಗೆದು ತಹಶೀಲ್ದಾರರ ಕಚೇರಿಗೋ ಹತ್ತಿರದ ಠಾಣೆಗೋ ತಿಳಿಸಿ. ಹಳೆಯ ವಸ್ತುಗಳನ್ನು ನೋಡುವ ಆಸೆಯಿದ್ದರೆ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ, ಸಾಗರಕ್ಕೆ ಬರುವ ದಾರಿಯಲ್ಲೇ ಇಳಿದು ನೋಡಬಹುದು.