ನೂರೈವತ್ತನೆಯ ಪ್ರಶ್ನೆಯವರೆಗೆ ಹೋದ ತಂಗಿಗೆ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

“ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ, ಅಲ್ಲಿಯ ಖಾಸಗಿ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅಮೆರಿಕದ ಪರವಾನಗಿ ಪರೀಕ್ಷೆ ಎನ್‌ಕ್ಲೆಕ್ಸ್ ಬರೆದೆ. ಕಂಪ್ಯೂಟರ್ 150 ಪ್ರಶ್ನೆಗಳನ್ನೂ ಕೇಳಿತು. ಅಷ್ಟು ಅವಕಾಶ ಸಿಕ್ಕಿಯೂ ಫೇಲಾದೆ. ಅಮ್ಮನ ಬಳೆ ಅಡವಿಟ್ಟು ಹಣ ಹೊಂದಿಸಿದ್ದರು. ಕನ್ನಡ ಶಾಲೆಗೆ ಹಾಕಿದ್ದೇ ತಪ್ಪಾಯಿತು ಎಂದು ದೊಡ್ಡಪ್ಪ ಹೇಳಿದಾಗ ಅಪ್ಪ ಮಾತಾಡದೆ ತೋಟದ ಕಡೆಗೆ ಹೋದರು. ಈಗ ಕೆಲಸ ಬಿಟ್ಟು ಆರು ತಿಂಗಳು ಕೋಚಿಂಗ್‌ಗೆ ಸೇರಲೇ? ಪಾಸ್ ಮಾಡಿಸುವ ಗ್ಯಾರಂಟಿ ಕೊಡುತ್ತೇವೆ ಎನ್ನುವ ಏಜೆನ್ಸಿಯೊಂದು ಮತ್ತೆ ಹಣ ಕೇಳುತ್ತಿದೆ. ಅಥವಾ ಇದೆಲ್ಲ ನಮ್ಮಂಥವರಿಗೆ ಹೇಳಿಸಿದ್ದಲ್ಲವೇ?”

ತಂಗೀ,

ಮೊದಲು ನಿಮ್ಮ ಒಂದು ಸಾಲನ್ನು ತಿದ್ದುತ್ತೇನೆ. 150 ಪ್ರಶ್ನೆ ಸಿಕ್ಕಿಯೂ ಫೇಲಾದೆ ಎಂದು ನಾಚಿಕೆಪಟ್ಟು ಬರೆದಿದ್ದೀರಿ. ಈ ಪರೀಕ್ಷೆ ನಡೆಯುವ ರೀತಿ ನಮ್ಮ ಶಾಲಾ ಪರೀಕ್ಷೆಯಂತಲ್ಲ ಎಂಬುದು ನಿಮಗೆ ಗೊತ್ತಿದೆ. ಮನೆಯವರಿಗೆ ಗೊತ್ತಿಲ್ಲ, ಆದ್ದರಿಂದ ಅವರಿಗೂ ಓದಿ ಹೇಳಿ. ಕಂಪ್ಯೂಟರ್ ನಿಮ್ಮ ಪ್ರತಿಯೊಂದು ಉತ್ತರವನ್ನು ನೋಡಿಕೊಂಡು ಮುಂದಿನ ಪ್ರಶ್ನೆಯನ್ನು ಆರಿಸುತ್ತದೆ. ಸರಿ ಉತ್ತರ ಕೊಟ್ಟರೆ ಪ್ರಶ್ನೆ ಕಷ್ಟವಾಗುತ್ತದೆ, ತಪ್ಪಿದರೆ ಸುಲಭವಾಗುತ್ತದೆ. ಕನಿಷ್ಠ 85 ಪ್ರಶ್ನೆ, ಗರಿಷ್ಠ 150, ಐದು ಗಂಟೆಯ ಅವಧಿ. ಅಭ್ಯರ್ಥಿ ತೇರ್ಗಡೆಯ ಗೆರೆಯ ಮೇಲಿದ್ದಾರೆಯೇ ಕೆಳಗಿದ್ದಾರೆಯೇ ಎಂಬುದು ಶೇಕಡ 95ರಷ್ಟು ಖಚಿತವಾದ ಕೂಡಲೇ ಅದು ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತದೆ. ಗೆರೆಯಿಂದ ಬಹಳ ದೂರ ಉಳಿದವರನ್ನು 85ರಲ್ಲೇ ಮನೆಗೆ ಕಳುಹಿಸಬಹುದು. ನಿಮ್ಮ ವಿಷಯದಲ್ಲಿ ಅದಕ್ಕೆ ಕೊನೆಯವರೆಗೂ ತೀರ್ಮಾನಕ್ಕೆ ಬರಲಾಗಲಿಲ್ಲ. ನೀವು ಗೆರೆಗೆ ಹತ್ತಿರದಲ್ಲೇ ನಿಂತಿದ್ದಿರಿ, ಒಂದು ಮೆಟ್ಟಿಲು ಕೆಳಗೆ. ದೊಡ್ಡಪ್ಪನಿಗೂ ಇದನ್ನು ಹೇಳಿ.

ಆ ಮೆಟ್ಟಿಲು ಯಾವುದು ಎಂಬುದೂ ನಿಮ್ಮ ಕೈಯಲ್ಲಿದೆ. ಫೇಲಾದವರಿಗೆ ಒಂದು ವರದಿ ಕಳುಹಿಸುತ್ತಾರೆ. ವಿಷಯವಾರು ನೀವು ತೇರ್ಗಡೆಯ ಮಟ್ಟಕ್ಕಿಂತ ಮೇಲೋ, ಹತ್ತಿರವೋ, ಕೆಳಗೋ ಎಂದು ಅದರಲ್ಲಿ ಬರೆದಿರುತ್ತದೆ. ನೀವು ನಾಲ್ಕು ಪುಟ ಬರೆದಿರಿ, ಆ ವರದಿಯ ಮಾತು ಎಲ್ಲಿಯೂ ಇಲ್ಲ. ದುಃಖದಲ್ಲಿ ತೆರೆದೇ ನೋಡಿಲ್ಲ ಎಂದು ನನ್ನ ಊಹೆ. ಇವತ್ತೇ ನೋಡಿ. ಮರುಪರೀಕ್ಷೆಗೆ ಕನಿಷ್ಠ 45 ದಿನ ಕಾಯಬೇಕು. ಆ ದಿನಗಳನ್ನು ಎಲ್ಲಿ ಖರ್ಚು ಮಾಡಬೇಕೆಂದು ಅದು ಹೇಳುತ್ತದೆ.

ಇನ್ನು ಕೆಲಸ ಬಿಡುವ ಮಾತು. ಬಿಡಬೇಡಿ. ಯಾಕೆ ಎಂದು ಹೇಳಲು ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ಆಟಿಯ ಮಳೆಗೆ ಪಾಚಿ ಹಿಡಿದ ಅಂಗಳದಲ್ಲಿ ನನ್ನ ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮೂರನೆಯ ರಾತ್ರಿ ಅವರು ಚಡಪಡಿಸತೊಡಗಿದರು. ಹೊದಿಕೆ ಕಿತ್ತೆಸೆದರು, ಎಂದೋ ತೀರಿಹೋದ ಅಣ್ಣನನ್ನು ಕರೆದರು. ವಯಸ್ಸಿನ ಅರಳುಮರಳು, ಮಂಪರಿನ ಗುಣ ಎಂದು ನಾವೆಲ್ಲ ಸಮಾಧಾನ ಮಾಡಿಕೊಂಡೆವು. ಎರಡು ಗಂಟೆಯ ಹೊತ್ತಿಗೆ ಒಬ್ಬ ಹುಡುಗಿ ಬಂದಳು. ಕೆಲಸಕ್ಕೆ ಸೇರಿ ಮೂರು ತಿಂಗಳೂ ಆಗಿರಲಿಲ್ಲ. ಅಮ್ಮನ ಮುಂಗೈ ಹಿಡಿದು ನಿಂತಳು. ನಾಡಿ ನೋಡುತ್ತಿದ್ದಾಳೆ ಎಂದುಕೊಂಡೆ. ಆದರೆ ಅವಳ ಕಣ್ಣು ಅಮ್ಮನ ಎದೆಯ ಮೇಲಿತ್ತು. ಉಸಿರು ಎಣಿಸುತ್ತಿದ್ದಾರೆ ಎಂದು ತಿಳಿದರೆ ರೋಗಿಯ ಉಸಿರಿನ ಗತಿ ಬದಲಾಗುತ್ತದೆ, ಅದಕ್ಕೆ ನಾಡಿ ಹಿಡಿದಂತೆ ನಿಲ್ಲುವುದು ಎಂದು ಆಮೇಲೆ ತಿಳಿದುಕೊಂಡೆ. ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದಳು. ಚಾರ್ಟಿನಲ್ಲಿ ಅಂದಿನ ಎಲ್ಲ ಚೌಕಗಳಲ್ಲೂ ಉಸಿರಾಟ 20 ಎಂದೇ ಇತ್ತು. ಅವಳು 32 ಎಂದು ಬರೆದಳು.

ಮತ್ತೆ ಅಮ್ಮನ ಕಿವಿಯ ಹತ್ತಿರ ಬಾಗಿ ತುಳುವಿನಲ್ಲಿ ಏನಾಗುತ್ತಿದೆ ಎಂದು ಕೇಳಿದಳು. ಎದೆಯ ಮೇಲೆ ಕಲ್ಲು ಇಟ್ಟ ಹಾಗಿದೆ ಎಂದರು ಅಮ್ಮ. ಅಲ್ಲಿಯವರೆಗೆ ಯಾರಿಗೂ ಆ ಮಾತು ಹೇಳಿರಲಿಲ್ಲ, ನನಗೂ. ಹುಡುಗಿ ಮಂಚದ ತಲೆಭಾಗ ಎತ್ತರಿಸಿದಳು, ಬೆರಳಿಗೆ ಕ್ಲಿಪ್ ಹಾಕಿ ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ನೋಡಿದಳು, ಶೇಕಡ 86 ಮಾತ್ರ ಇತ್ತು. ಆಮ್ಲಜನಕ ಹಚ್ಚಿ, ಪಕ್ಕದಿಂದ ಕದಲದೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿಸಿದಳು. ಕಾಲಿನ ಕಡೆಯಿಂದ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶದ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಸೊಂಟದ ಮೂಳೆ ಮುರಿದವರಿಗೆ ಎದುರಾಗಬಹುದಾದ ಅಪಾಯಗಳಲ್ಲಿ ಇದು ದೊಡ್ಡದು. ಅಮ್ಮ ಆಮೇಲೆ ಆರು ವರ್ಷ ಬದುಕಿದ್ದರು.

ಈಗ ನಿಮ್ಮ ಪರೀಕ್ಷೆಗೆ ಬನ್ನಿ. ಅದರಲ್ಲಿ ಬರುವ ಪ್ರಶ್ನೆಗಳ ಜಾತಿ ಹೀಗಿರುತ್ತದೆ: ನಾಲ್ವರು ರೋಗಿಗಳಿದ್ದಾರೆ. ಒಬ್ಬರು ಗಾಯದ ನೋವಿಗೆ ಮಾತ್ರೆ ಕೇಳುತ್ತಿದ್ದಾರೆ. ಒಬ್ಬರ ರಕ್ತದ ಸಕ್ಕರೆ 240. ಒಬ್ಬರು ಮನೆಗೆ ಹೋಗಲು ಚೀಟಿಗಾಗಿ ಕಾಯುತ್ತ ಸಿಟ್ಟಾಗಿದ್ದಾರೆ. ಶಸ್ತ್ರಚಿಕಿತ್ಸೆಯಾದ ಇನ್ನೊಬ್ಬರು ಬೆಳಗ್ಗೆ ಶಾಂತವಾಗಿದ್ದವರು ಈಗ ಚಡಪಡಿಸುತ್ತಿದ್ದಾರೆ. ಮೊದಲು ಯಾರ ಬಳಿಗೆ ಹೋಗುತ್ತೀರಿ? ನಾಲ್ವರಿಗೂ ದಾದಿ ಬೇಕು, ಅದಕ್ಕೇ ಪ್ರಶ್ನೆ ಕಷ್ಟ. ಹೊಸದಾಗಿ ಶುರುವಾದ ಚಡಪಡಿಕೆ ಮಿದುಳಿಗೆ ಆಮ್ಲಜನಕ ಸಾಲದಿರುವುದರ ಮೊದಲ ಸೂಚನೆಯಿರಬಹುದು ಎಂದು ಪುಸ್ತಕದಲ್ಲಿ ಓದಿದವರು ಒಂದು ಕ್ಷಣ ತಡವರಿಸುತ್ತಾರೆ. ಒಮ್ಮೆ ಕಣ್ಣಾರೆ ಕಂಡವರು ತಡವರಿಸುವುದಿಲ್ಲ. ನೀವು ಎರಡು ವರ್ಷ ಅಂಥ ವಾರ್ಡಿನಲ್ಲಿದ್ದೀರಿ. ಅದನ್ನು ಬಿಟ್ಟು ಆರು ತಿಂಗಳು ಕೋಣೆಯಲ್ಲಿ ಕುಳಿತು ಸಾವಿರಾರು ಪ್ರಶ್ನೆಗಳ ಉತ್ತರ ಉರು ಹೊಡೆದರೆ ಕೈಯಲ್ಲಿದ್ದ ಪಾಠವನ್ನೇ ದೂರ ಮಾಡಿಕೊಂಡಂತೆ.

ಆದರೆ ವಾರ್ಡಿನ ಅಭ್ಯಾಸ ಪರೀಕ್ಷೆಯಲ್ಲಿ ಅಡ್ಡ ಬರುವ ಜಾಗಗಳೂ ಇವೆ. ಇದನ್ನು ನಾನು ಕಂಡುಕೊಂಡದ್ದಲ್ಲ. ನಿಮಗೆ ಉತ್ತರಿಸುವ ಮುಂಚೆ ಈ ಪರೀಕ್ಷೆ ಪಾಸಾದ ಇಬ್ಬರು ದಾದಿಯರೊಂದಿಗೆ ಬಹಳ ಹೊತ್ತು ಮಾತಾಡಿದೆ. ನಮ್ಮಲ್ಲಿ ಒಬ್ಬ ದಾದಿಗೆ ಇಪ್ಪತ್ತು ಮೂವತ್ತು ರೋಗಿಗಳು. ಊಟ, ಸ್ನಾನ, ಮಗ್ಗುಲು ಬದಲಿಸುವುದು ಎಲ್ಲ ಬೈಸ್ಟಾಂಡರ್, ಅಂದರೆ ರೋಗಿಯ ಜೊತೆಗಿರುವ ಮನೆಯವರ ಪಾಲು. ಎಡವಟ್ಟಾದರೆ ಡಾಕ್ಟರನ್ನು ಕರೆಯುವುದೇ ಮೊದಲ ಕೆಲಸ. ಪರೀಕ್ಷೆಯ ಆಸ್ಪತ್ರೆಯಲ್ಲಿ ಜನವೂ ಇದ್ದಾರೆ, ಸಲಕರಣೆಯೂ ಇದೆ, ಸಮಯವೂ ಇದೆ ಎಂದು ಇಟ್ಟುಕೊಳ್ಳಬೇಕು. ಡಾಕ್ಟರನ್ನು ಕರೆಯುವ ಮೊದಲು ನೀವು ಏನು ನೋಡಿದಿರಿ, ಏನು ಮಾಡಿದಿರಿ ಎಂದು ಅಲ್ಲಿ ಕೇಳುತ್ತಾರೆ. ಸಹಾಯಕರಿಗೆ ಯಾವ ಕೆಲಸ ಒಪ್ಪಿಸಬಹುದು ಎಂಬ ಪ್ರಶ್ನೆಗಳಲ್ಲಿ ನಮ್ಮವರು ಎಡವುವುದು ಇದೇ ಕಾರಣಕ್ಕೆ. ಸ್ಥಿರವಾಗಿರುವ ರೋಗಿಗೆ ಸ್ನಾನ ಮಾಡಿಸುವುದನ್ನು ಒಪ್ಪಿಸಬಹುದು. ರೋಗಿಯ ಸ್ಥಿತಿಯನ್ನು ಅಳೆಯುವುದು, ಔಷಧಿಯ ಬಗ್ಗೆ ತಿಳಿಹೇಳುವುದು ದಾದಿಯದೇ ಹೊಣೆ. 2023ರ ಏಪ್ರಿಲ್‌ನಿಂದ ಒಬ್ಬನೇ ರೋಗಿಯ ಕಥೆಯನ್ನು ಹಿಡಿದು ಆರು ಪ್ರಶ್ನೆ ಕೇಳುವ ಭಾಗವೂ ಸೇರಿದೆ. ಏನು ಕಂಡಿತು, ಅದರ ಅರ್ಥವೇನು, ಮೊದಲು ಯಾವುದು, ಏನು ಮಾಡಬೇಕು, ಮಾಡಿದ್ದು ಫಲಿಸಿತೇ ಎಂಬ ದಾರಿಯಲ್ಲಿ ಅದು ಸಾಗುತ್ತದೆ. ಆ ರಾತ್ರಿಯ ಹುಡುಗಿ ನಡೆದ ದಾರಿಯೂ ಅದೇ. ಪಾಳಿ ಮುಗಿಸಿ ಬಸ್ಸಿನಲ್ಲಿ ಕುಳಿತಾಗ ಅಂದಿನ ಒಬ್ಬ ರೋಗಿಯನ್ನು ನೆನೆದು ಈ ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ.

ಕನ್ನಡ ಮಾಧ್ಯಮದ ಬಗ್ಗೆ ನಿಮ್ಮ ದೊಡ್ಡಪ್ಪ ಆಡಿದ ಮಾತು ನನಗೂ ನೋವು ತಂದಿತು. ಗಡಿನಾಡಿನಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿದ ಪ್ರತಿಯೊಬ್ಬ ಅಪ್ಪನ ಎದೆಗೆ ತಾಗುವ ಮಾತು ಅದು. ಈ ಪರೀಕ್ಷೆಯ ಇಂಗ್ಲಿಷ್ ಸರಳವಾದದ್ದು, ವಾಕ್ಯಗಳು ಚಿಕ್ಕವು. ಬೀಳಿಸುವುದು ನಾಲ್ಕಾರು ಪದಗಳು ಮಾತ್ರ: ಮೊದಲು, ಎಲ್ಲಕ್ಕಿಂತ ಮುಖ್ಯ, ಹೆಚ್ಚು ಆತಂಕದ್ದು ಎಂಬ ಅರ್ಥದವು. ರೋಗಿಯ ಯಾವ ಮಾತಿನಿಂದ ಅವನಿಗೆ ಇನ್ನೂ ತಿಳಿಹೇಳಬೇಕೆಂದು ಗೊತ್ತಾಗುತ್ತದೆ ಎಂದು ಕೇಳಿದಾಗ ಅಲ್ಲಿ ಹುಡುಕಬೇಕಾದದ್ದು ತಪ್ಪು ಮಾತನ್ನು. ಅವಸರದಲ್ಲಿ ಓದಿದವರು ಸರಿಯಾದ ಮಾತನ್ನು ಗುರುತು ಮಾಡಿ ಬರುತ್ತಾರೆ, ಇಂಗ್ಲಿಷ್ ಮಾಧ್ಯಮದವರೂ ಸೇರಿ. ಹಿಂದಿನ ಪ್ರಶ್ನೆಗೆ ಮರಳಲು ಅವಕಾಶವಿಲ್ಲ. ಐದು ಗಂಟೆಯನ್ನು 150ಕ್ಕೆ ಹಂಚಿದರೆ ಪ್ರಶ್ನೆಗೆ ಎರಡು ನಿಮಿಷ ಸಿಗುತ್ತದೆ. ಪ್ರಶ್ನೆ ಓದಿದ ಮೇಲೆ ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ: ಯಾರು, ಏನು ಬದಲಾಗಿದೆ, ನನ್ನನ್ನು ಕೇಳುತ್ತಿರುವುದೇನು. ನಿಮಗೆ ಯೋಚನೆ ಬರುವ ಭಾಷೆಯಲ್ಲೇ ಯೋಚಿಸಿ. ಕನ್ನಡ, ತುಳು, ಮಲಯಾಳಂ ಮೂರೂ ಬಲ್ಲ ದಾದಿ ನಮ್ಮ ಜಿಲ್ಲೆಯ ರೋಗಿಗೆ ಎಂಥ ಆಸರೆ ಎಂಬುದನ್ನು ನಾನು ಆ ರಾತ್ರಿ ಕಂಡಿದ್ದೇನೆ.

ಹಣದ ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ. ಗ್ಯಾರಂಟಿ ಕೊಡುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಒಬ್ಬೊಬ್ಬ ಅಭ್ಯರ್ಥಿಗೆ ಕಂಪ್ಯೂಟರ್ ಬೇರೆ ಬೇರೆ ಪ್ರಶ್ನೆ ಆರಿಸುವಾಗ ಪಾಸ್ ಮಾಡಿಸುವ ಗ್ಯಾರಂಟಿ ಯಾರ ಕೈಯಲ್ಲೂ ಇರುವುದಿಲ್ಲ. ಪರೀಕ್ಷೆಯ ನೋಂದಣಿ ಶುಲ್ಕ 200 ಡಾಲರ್, ಹೊರದೇಶದ ಕೇಂದ್ರದಲ್ಲಿ ಬರೆಯಲು ಇನ್ನೂ 150 ಡಾಲರ್ ಮತ್ತು ತೆರಿಗೆ. ಅಮೆರಿಕದ ಆಯಾ ರಾಜ್ಯದ ನರ್ಸಿಂಗ್ ಮಂಡಳಿಯ ಶುಲ್ಕ ಬೇರೆ. ಏಜೆನ್ಸಿ ಕೇಳುತ್ತಿರುವ ಮೊತ್ತವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ವಿದೇಶಕ್ಕೆ ಕೆಲಸಕ್ಕೆ ಕಳುಹಿಸುವ ನೋಂದಾಯಿತ ಏಜೆಂಟರು ಕಾನೂನಿನ ಪ್ರಕಾರ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಕೇರಳ ಸರ್ಕಾರದ ನೋರ್ಕ ರೂಟ್ಸ್ ಮತ್ತು ಒಡೆಪೆಕ್ ಸಂಸ್ಥೆಗಳೂ ದಾದಿಯರನ್ನು ಹೊರದೇಶಗಳಿಗೆ ಕಳುಹಿಸುತ್ತವೆ; ಮೊದಲು ಅಲ್ಲಿ ವಿಚಾರಿಸಿ.

ಇನ್ನೊಂದು ಸತ್ಯವನ್ನು ಏಜೆನ್ಸಿಯವರು ನಿಮಗೆ ಹೇಳಿರಲಾರರು. ಪಾಸಾದ ಮರುತಿಂಗಳೇ ವಿಮಾನ ಹತ್ತುವಂತಿಲ್ಲ. ದಾದಿಯರು ಸಾಮಾನ್ಯವಾಗಿ ಹೋಗುವ ಉದ್ಯೋಗ ವೀಸಾದ ವರ್ಗದಲ್ಲಿ ಭಾರತದಲ್ಲಿ ಹುಟ್ಟಿದವರ ಪೈಕಿ ಈಗ ಸರದಿ ಬಂದಿರುವುದು ಹತ್ತು ವರ್ಷಕ್ಕೂ ಹಿಂದೆ ಅರ್ಜಿ ಹಾಕಿದವರಿಗೆ. ಇಷ್ಟಕ್ಕೇ ಎದೆಗುಂದಬೇಡಿ. ಕೆನಡಾ 2015ರಿಂದ ಇದೇ ಪರೀಕ್ಷೆಯನ್ನು ನಡೆಸುತ್ತಿದೆ. ಆಸ್ಟ್ರೇಲಿಯ ಹೊರದೇಶದ ದಾದಿಯರಿಗೆ ಇದರ ಜೊತೆ ಒಂದು ಪ್ರಾಯೋಗಿಕ ಪರೀಕ್ಷೆಯನ್ನು ಇಟ್ಟಿದೆ. ಪಾಸಾದರೆ ಶ್ರಮ ಅಲ್ಲಿಗೂ ಉಪಯೋಗಕ್ಕೆ ಬರುತ್ತದೆ. ಆದರೆ ಅಮ್ಮನ ಬಳೆ ಬಿಡಿಸುವ ಲೆಕ್ಕವನ್ನು ಅಮೆರಿಕದ ಸಂಬಳದ ಮೇಲೆ ಹಾಕಬೇಡಿ, ಈಗಿನ ಸಂಬಳದ ಮೇಲೆ ಹಾಕಿ.

ಊರಿನ ಹತ್ತಿರವೇ ಕೆಲಸ ನೋಡಲೇ ಎಂದೂ ಕೊನೆಯಲ್ಲಿ ಕೇಳಿದ್ದೀರಿ. ನೋಡಿ. ನೀವು ಓದಿದ್ದು ಮಂಗಳೂರಿನಲ್ಲಿ, ಆದ್ದರಿಂದ ನಿಮ್ಮ ನೋಂದಣಿ ಕರ್ನಾಟಕದ ನರ್ಸಿಂಗ್ ಪರಿಷತ್ತಿನಲ್ಲಿ ಇರುತ್ತದೆ. ಗಡಿಯ ಈಚೆ ಕೆಲಸ ಮಾಡಲು ತಿರುವನಂತಪುರದ ಕೇರಳ ನರ್ಸಸ್ ಆ್ಯಂಡ್ ಮಿಡ್‌ವೈವ್ಸ್ ಕೌನ್ಸಿಲಿನಲ್ಲೂ ನೋಂದಾಯಿಸಬೇಕು. ಈ ಅರ್ಜಿ ಈಗಲೇ ಹಾಕಿಡಿ. 2020ರಲ್ಲಿ ಕೋವಿಡ್ ವೇಳೆ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ನಮ್ಮ ರೋಗಿಗಳು ಪಟ್ಟ ಪಾಡು ನಿಮಗೆ ನೆನಪಿರಬೇಕು. ಆ ಏಪ್ರಿಲ್‌ನಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ತರಾತುರಿಯಲ್ಲಿ ಕೋವಿಡ್ ಆಸ್ಪತ್ರೆಯಾಗಿ ತೆರೆದರು. ನಿಮ್ಮ ಮನೆಯಿಂದ ಅದು ಹೆಚ್ಚು ದೂರವಿಲ್ಲ. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದವರಿರುವ ಎಣ್ಮಕಜೆಯ ಮನೆಗಳಿಗೆ ಹೋಗಿ ನೋವು ಶಮನದ ಆರೈಕೆ ಮಾಡುವ ಪಾಲಿಯೇಟಿವ್ ದಾದಿಯರನ್ನು ನೀವೂ ಕಂಡಿರುತ್ತೀರಿ. ಎಲ್ಲೇ ಸೇರಿದರೂ ಮೂಲ ಪ್ರಮಾಣಪತ್ರಗಳನ್ನು ಯಾರ ಕೈಗೂ ಒಪ್ಪಿಸಬೇಡಿ, ನಕಲು ಕೊಟ್ಟರೆ ಸಾಕು.

ಹೆಸರಿನ ವಿಷಯವನ್ನೂ ನೋಡಿಕೊಳ್ಳಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇನಿಷಿಯಲ್ ಹಿಂದೆ, ಪದವಿಪತ್ರದಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಪೂರ್ತಿ. ಪರೀಕ್ಷಾ ಕೇಂದ್ರದಲ್ಲಿ ಪಾಸ್‌ಪೋರ್ಟಿನ ಹೆಸರೂ ನೋಂದಣಿಯ ಹೆಸರೂ ಅಕ್ಷರಶಃ ಒಂದೇ ಆಗಿರಬೇಕು. ಒಮ್ಮೆ ಬರೆದು ಬಂದಿರುವುದರಿಂದ ಅದು ಸರಿಯಿದೆ, ಆದರೆ ಕೇರಳದ ಅರ್ಜಿಯಲ್ಲಿ ಇದೇ ತೊಡಕು ಎದುರಾಗಬಹುದು.

ನಾನು ಮಾತಾಡಿದ ಇಬ್ಬರು ದಾದಿಯರಲ್ಲಿ ಒಬ್ಬರು ಮೊದಲ ಸಲ ನಿಮ್ಮಂತೆಯೇ 150ರವರೆಗೆ ಹೋಗಿ ಸೋತವರು. ಎರಡನೆಯ ಸಲ ಪಾಸಾದರು. ಭಾನುವಾರಗಳಲ್ಲಿ ನಿಮ್ಮ ವರದಿಯನ್ನು ಮುಂದಿಟ್ಟುಕೊಂಡು ಫೋನಿನಲ್ಲಿ ಮಾತಾಡಲು ಒಪ್ಪಿದ್ದಾರೆ. ಒಂದು ಕಾರ್ಡಿನಲ್ಲಿ ನಿಮ್ಮ ಒಪ್ಪಿಗೆ ತಿಳಿಸಿ. ಅವರ ಸಂಖ್ಯೆಯನ್ನು ಅಂಚೆಯಲ್ಲಿ ಕಳುಹಿಸುತ್ತೇನೆ.

– ಸಂಪಾದಕ