ನಳದಾಗ ಗಾಳಿ ಬರ್ತದ

ಮುದ್ದೇಬಿಹಾಳ ತಾಲೂಕಿನ ಒಂದು ವಸ್ತಿಯಿಂದ ಓದುಗರೊಬ್ಬರು ಬರೆದ ಪತ್ರ ಹೋದ ತಿಂಗಳು ನಮ್ಮ ಕೈಸೇರಿತು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ಊರಿಂದ ಮೂರು ಕಿಲೋಮೀಟರ್ ಆಚಿ ಹೊಲದಾಗ ನಮ್ಮವು ಹನ್ನೊಂದು ಮನಿ ಅವ. ದಿಬ್ಬದ ಮ್ಯಾಲ ನಿಂತರ ಕೃಷ್ಣಾ ಹಿನ್ನೀರು ಕಾಣ್ತದ. ಎರಡು ವರ್ಷದ ಹಿಂದ ಪೈಪ್ ಹಾಕಿ ನಳ ಕೂಡಿಸಿದ್ರು, ಫೋಟೋ ತಗೊಂಡ್ರು. ಹದಿನೈದು ದಿನ ನೀರು ಬಂತು. ಈಗ ಚಾವಿ ತಿರುವಿದ್ರ ಗಾಳಿ ಬರ್ತದ. ಬೋರಿನ ನೀರೇ ಗತಿ. ಬಾಯಿಗೆ ಸಿಹಿನೇ ಅದ, ಆದ್ರ ದೊಡ್ಡ ಮಗಳ ಹಲ್ಲಿನ ಮ್ಯಾಲ ಕಂದು ಕಲಿ ಬಿದ್ದಾವ. ಸಣ್ಣವನಿಗೆ ಈಗ ನಾಕು ವರ್ಷ. ಮನಿಯವರು ಊರಾಗಿನ ಶುದ್ಧ ನೀರಿನ ಘಟಕದಿಂದ ಗಾಡಿ ಮ್ಯಾಲ ಎರಡು ಕ್ಯಾನ್ ತರ್ತಾರ. ನಮ್ಮ ಅತ್ತಿ 'ನಾವು ಇದ ನೀರು ಕುಡದು ಬೆಳದಿಲ್ಲೇನು' ಅಂತಾರ. ಬೋರಿನ ನೀರು ಕಾಯಿಸಿ ಕುಡಿಸಿದ್ರ ಸಾಕೇನು? ಸರಕಾರದ ನೀರು ಬರೂತನ ನಾವು ಏನ್ ಮಾಡಬೇಕು?"

ಅಕ್ಕಾ,

ಮೊದಲು ಕಾಯಿಸುವ ಮಾತು. ಉಳಿದದ್ದು ಒಂದೆರಡು ವಾರ ತಡೆದೀತು, ಇದು ತಡೆಯುವುದಿಲ್ಲ. ಮಗಳ ಹಲ್ಲಿನ ಕಲೆ ಫ್ಲೋರೈಡಿನದಾಗಿದ್ದರೆ ನೀರು ಕಾಯಿಸಿ ಪ್ರಯೋಜನವಿಲ್ಲ. ಕುದಿಸಿದಾಗ ಕ್ರಿಮಿಗಳು ಸಾಯುತ್ತವೆ. ಕಲ್ಲಿನಿಂದ ಕರಗಿ ಬಂದ ಫ್ಲೋರೈಡ್ ಮಾತ್ರ ಪಾತ್ರೆಯಲ್ಲೇ ಉಳಿಯುತ್ತದೆ. ಸಾರು ಕುದ್ದು ಇಳಿದಷ್ಟೂ ಉಪ್ಪು ಏರುವ ಹಾಗೆ, ನೀರು ಆವಿಯಾಗಿ ಹೋದಷ್ಟೂ ಅದು ಗಟ್ಟಿಯಾಗುತ್ತದೆ. ಗೊಬ್ಬರದಿಂದ, ತಿಪ್ಪೆಯಿಂದ ಇಳಿಯುವ ನೈಟ್ರೇಟೂ ಹೀಗೆಯೇ. ಅರಿವೆಯಲ್ಲಿ ಸೋಸಿದರೂ, ಬ್ಲೀಚಿಂಗ್ ಪುಡಿ ಹಾಕಿದರೂ ಇವೆರಡೂ ಹೋಗುವುದಿಲ್ಲ. ನಮ್ಮ ಪತ್ರಿಕೆಯೂ ಬೇಸಿಗೆ ಬಂದಾಗಲೆಲ್ಲ "ನೀರು ಕಾಯಿಸಿ ಆರಿಸಿ ಕುಡಿಯಿರಿ" ಎಂದಷ್ಟೇ ಬರೆಯುತ್ತ ಬಂದಿದೆ. ವಾಂತಿಭೇದಿಗೆ ಆ ಮಾತು ಸರಿ. ಬೋರಿನ ನೀರು ಕುಡಿಯುವ ಮನೆಗೆ ಅದು ಅರ್ಧ ಮಾತು. ಉಳಿದರ್ಧ ಹೇಳದೆ ಬಿಟ್ಟದ್ದು ನಮ್ಮ ತಪ್ಪು, ನಿಮ್ಮ ಪತ್ರ ಅದನ್ನು ತೋರಿಸಿಕೊಟ್ಟಿತು.

ಕಲೆ ಫ್ಲೋರೈಡಿನದೇ ಎಂದು ಇಲ್ಲಿ ಕೂತು ಹೇಳಲಾರೆ. ಹಲ್ಲಿನ ಕಲೆಗೆ ಬೇರೆ ಕಾರಣಗಳೂ ಇರುತ್ತವೆ. ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದನ್ನು ಪರೀಕ್ಷೆಯೊಂದೇ ಹೇಳಬಲ್ಲದು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಹಾಗಾಗಿ ನೀರು ಬಾಯಿಗೆ ಸಿಹಿ ಎಂಬುದನ್ನು ನಂಬಿ ಕೂರುವಂತಿಲ್ಲ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದಲ್ಲಿ (ಐಎಸ್ 10500) ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಸಿಗದ ಕಡೆ 1.5ರವರೆಗೆ ಒಪ್ಪುತ್ತಾರೆ, ಅದರಾಚೆ ಇಲ್ಲ. ನೈಟ್ರೇಟಿಗೆ 45 ಮಿಲಿಗ್ರಾಮಿನ ಗೆರೆ, ಅಲ್ಲಿ ಸಡಿಲಿಕೆಯೇ ಇಲ್ಲ.

ಸಣ್ಣವನಿಗೆ ನಾಲ್ಕು ವರ್ಷ ಎಂದು ಬರೆದಿದ್ದೀರಿ. ಆ ಸಾಲನ್ನು ನಾನು ಎರಡು ಸಲ ಓದಿದೆ. ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದವರೆಗೆ, ಫ್ಲೋರೈಡ್ ಹಲ್ಲನ್ನು ಕೆಡಿಸುವುದೂ ಆಗಲೇ. ಮಗಳ ಹಲ್ಲಿನ ಕಲೆಯನ್ನು ನೀರು ಬದಲಿಸಿ ಅಳಿಸಲಾಗದು. ಆದರೆ ಇಂದು ನೀರು ಬದಲಾದರೆ ಅವಳ ಎಲುಬು ಉಳಿಯುತ್ತವೆ, ತಮ್ಮನ ಹಲ್ಲಿಗೆ ಮುಂದಿನ ಹಾನಿಯೂ ತಪ್ಪುತ್ತದೆ. ವರ್ಷಗಟ್ಟಲೆ ಇಂಥ ನೀರು ಕುಡಿದವರ ಬೆನ್ನು, ಮೊಣಕಾಲು ಬಿಗಿದುಕೊಂಡದ್ದನ್ನು ನಮ್ಮ ಕಡೆ ವಯಸ್ಸಿನ ನೋವು ಎಂದು ಬಿಟ್ಟುಬಿಡುತ್ತೇವೆ.

ಇನ್ನು ನಿಮ್ಮ ಅತ್ತೆಯವರ ಮಾತು. ಅವರನ್ನು ಎದುರಿಗೆ ಹಾಕಿಕೊಳ್ಳಬೇಡಿ. ಪಕ್ಕದಲ್ಲಿ ಕೂತು ಒಂದೇ ಒಂದು ಪ್ರಶ್ನೆ ಕೇಳಿ: "ನೀವು ಸಣ್ಣವರಿದ್ದಾಗ ನೀರು ಎಲ್ಲಿಂದ ತರ್ತಿದ್ರಿ?" ಹಳ್ಳದಾಗ ವರತಿ ತೋಡಿ ತಂಬಿಗೆಯಲ್ಲಿ ಗೋರಿಕೊಂಡಿರಬೇಕು, ಇಲ್ಲವೇ ಮೆಟ್ಟಿಲ ಬಾವಿಗೆ ಇಳಿದು ಕೊಡ ತುಂಬಿರಬೇಕು. ಅದು ಮಳೆ ಇಂಗಿದ ಮೇಲ್ಪದರದ ನೀರು. ನೀವು ಕುಡಿಯುತ್ತಿರುವುದು ನೂರಾರು ಅಡಿ ಆಳದಲ್ಲಿ, ಗ್ರಾನೈಟ್ ಜಾತಿಯ ಕಲ್ಲಿನ ಬಿರುಕುಗಳಲ್ಲಿ ವರ್ಷಾನುಗಟ್ಟಲೆ ನಿಂತು ಕಲ್ಲಿನ ಗುಣ ಕುಡಿದ ನೀರು. ಅತ್ತೆ ಬೆಳೆದ ನೀರು ಬೇರೆ, ಮೊಮ್ಮಗಳು ಬೆಳೆಯುತ್ತಿರುವ ನೀರು ಬೇರೆ.

ಹಾಗೆಂದು ಹಳೆಯ ನೀರೇ ಚೆನ್ನಾಗಿತ್ತು ಅನ್ನಲಾರೆ. ಅವರಿಗೆ ನಾರುಹುಣ್ಣು ನೆನಪಿರಬಹುದು, ಕೇಳಿ ನೋಡಿ. ಕಾಲು ಮುಳುಗಿಸಿ ನೀರು ತುಂಬುವ ಮೆಟ್ಟಿಲ ಬಾವಿಗಳಿಂದಲೇ ಅದು ಹಬ್ಬುತ್ತಿತ್ತು. ಕಣ್ಣಿಗೆ ಕಂಡೂ ಕಾಣದಂಥ ಸಣ್ಣ ನೀರಜೀವಿಯ ಜೊತೆ ಹೊಟ್ಟೆ ಸೇರಿದ ಹುಳ ಸುಮಾರು ಒಂದು ವರ್ಷದ ಮೇಲೆ ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ ದಾರದ ಹಾಗೆ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕಿತ್ತು, ನಡುವೆ ಹರಿದರೆ ಕಾಲು ಕೀವಾಗುತ್ತಿತ್ತು. ಉತ್ತರ ಕರ್ನಾಟಕದ ಹಳ್ಳಿಗಳು ಇದನ್ನು ತಲೆತಲಾಂತರ ಅನುಭವಿಸಿವೆ. ಅರಿವೆಯಲ್ಲಿ ಸೋಸುವ ರೂಢಿ, ಮೆಟ್ಟಿಲು ಮುಚ್ಚಿದ ಬಾವಿಗಳು, ಊರೂರಿಗೆ ಬಂದ ಬೋರಿಂಗ್‌ಗಳು ಸೇರಿ ಅದನ್ನು ಅಳಿಸಿದವು. ದೇಶದ ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ, 2000ನೇ ಇಸವಿಯಲ್ಲಿ ಭಾರತ ನಾರುಹುಣ್ಣು ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಬೋರು ನಮ್ಮನ್ನು ಉಳಿಸಿದ್ದು ನಿಜ. ಆಳ ಇಳಿದಂತೆ ಏನು ಮೇಲೆ ಬರುತ್ತದೆ ಎಂದು ಆಗ ಪ್ರತಿ ಊರಲ್ಲೂ ಪರೀಕ್ಷಿಸದೆ ಹೋದದ್ದೂ ನಿಜ. ಇದನ್ನು ಹೀಗೆ ಹೇಳಿದರೆ ಅತ್ತೆಯವರಿಗೆ ತಮ್ಮ ಬದುಕನ್ನು ತೆಗೆದುಹಾಕಿದಂತೆ ಅನಿಸಲಿಕ್ಕಿಲ್ಲ.

ಈಗ ಕೈಯಲ್ಲಿರುವ ನೀರಿನ ಲೆಕ್ಕ. ಎರಡು ಕ್ಯಾನ್ ಅಂದರೆ 40 ಲೀಟರ್. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ ನಾಲ್ಕೈದು ಲೀಟರ್ ಹಿಡಿದರೆ ಆರು ಜನರ ಮನೆಗೆ 25ರಿಂದ 30 ಲೀಟರ್ ಬೇಕು. ಕ್ಯಾನಿನ ನೀರನ್ನು ಕುಡಿಯಲು ಮಾತ್ರ ಎಂದು ಎತ್ತಿಟ್ಟು ಬೇಳೆ, ಅನ್ನ, ಚಹಾ ಬೋರಿನ ನೀರಿನಲ್ಲಿ ಮಾಡುವ ಮನೆಗಳೇ ಹೆಚ್ಚು. ಬೇಳೆ ಬೆಂದಾಗ ಆ ನೀರನ್ನೆಲ್ಲ ಕುಡಿದುಬಿಡುತ್ತದೆ. ಅಡುಗೆಗೂ ಕ್ಯಾನಿನದೇ ಬಳಸಿ. ಸ್ನಾನ, ಅರಿವೆ, ದನಕರುಗಳಿಗೆ ಬೋರು ಇರಲಿ. ಮಕ್ಕಳಿಗೆ ಹಾಲು, ಮಜ್ಜಿಗೆ, ನುಗ್ಗೆಸೊಪ್ಪು, ಲಿಂಬೆ, ನೆಲ್ಲಿಕಾಯಿ ಹೆಚ್ಚು ಕೊಡಿ, ಸುಣ್ಣದಂಶ ಮತ್ತು ಸಿ ಜೀವಸತ್ವ ಇದ್ದ ಊಟದಿಂದ ಫ್ಲೋರೈಡಿನ ಹಾನಿ ಕಡಿಮೆಯಾಗುತ್ತದೆ. ಕ್ಯಾನನ್ನು ಒಳಗಿನಿಂದ ತಿಕ್ಕಿ ತೊಳೆಯುವುದನ್ನು ಮರೆಯಬೇಡಿ. ಘಟಕದಲ್ಲಿ ನೀರು ಸೋಸುವ ಪೊರೆ ಹಳೆಯದಾದರೆ ಫ್ಲೋರೈಡ್ ದಾಟಿ ಬರುತ್ತದೆ, ಆದ್ದರಿಂದ ಆ ನೀರನ್ನೂ ಒಮ್ಮೆ ಪರೀಕ್ಷೆಗೆ ಕೊಡಿ.

ಗಾಡಿ ಹೋಗದ ದಿನಗಳಿಗೆ ನನಗೆ ತೋಚುವುದು ನಿಮ್ಮ ಮನೆಯ ಪತ್ರಾಸ್, ಅಂದರೆ ತಗಡಿನ ಸೂರು. ಊರೊಳಗಿನ ಮಣ್ಣಿನ ಮಾಳಿಗೆ ಮನೆಗಳಿಗೆ ಈ ಅನುಕೂಲ ಇಲ್ಲ, ವಸ್ತಿಯ ತಗಡಿನ ಸೂರಿಗೆ ಇದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 12 ಅಡಿಗೆ 25 ಅಡಿಯ ಸೂರು ಸುಮಾರು 28 ಚದರ ಮೀಟರ್. ಕೈಕೊಟ್ಟ ವರ್ಷವೆಂದು 500 ಮಿಲಿಮೀಟರ್ ಮಳೆಯನ್ನೇ ಹಿಡಿಯೋಣ: 14,000 ಲೀಟರ್. ಐದನೇ ಒಂದು ಪಾಲು ಚೆಲ್ಲಿಹೋದರೂ 11,000 ಉಳಿಯುತ್ತದೆ. ದಿನಕ್ಕೆ 25 ಲೀಟರಿನಂತೆ ಅದು ವರ್ಷ ದಾಟುತ್ತದೆ. ಅಷ್ಟನ್ನೂ ಒಮ್ಮೆಗೇ ಹಿಡಿದಿಡಬೇಕಿಲ್ಲ. ನವೆಂಬರಿನಿಂದ ಮೇ ಮಧ್ಯದ ತನಕ ದಾಟಿಸಲು 5,000 ಲೀಟರಿನ ಮುಚ್ಚಿದ ಟ್ಯಾಂಕಿ ಸಾಕು. ಮೊದಲ ಮಳೆಯ ನೀರನ್ನು ಹೊರಗೆ ಬಿಡಿ, ತಗಡಿನ ಧೂಳು, ಹಕ್ಕಿಯ ಹಿಕ್ಕೆ ತೊಳೆದುಹೋಗಲಿ. ಆಮೇಲಿನದನ್ನು ಅರಿವೆ ಕಟ್ಟಿ ಒಳಗೆ ಬಿಡಿ. ಮಳೆನೀರಿನಲ್ಲಿ ಕಲ್ಲಿನ ಫ್ಲೋರೈಡ್ ಇರುವುದಿಲ್ಲ, ಕ್ರಿಮಿ ಇರಬಹುದು. ಕಾಯಿಸುವುದು ಉಪಯೋಗಕ್ಕೆ ಬರುವುದು ಇಲ್ಲಿ. ಇಲ್ಲವೇ ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಕಲಸಿ ಅರ್ಧ ಗಂಟೆ ಬಿಡಿ. ಬಾಯಿ ತೆರೆದಿಟ್ಟ ಪುಡಿಯ ಶಕ್ತಿ ಹಾರಿಹೋಗಿರುತ್ತದೆ, ಅದನ್ನು ನಂಬಬೇಡಿ. ಟ್ಯಾಂಕಿಗೆ ಹಣ ಬೇಕು ಎಂಬುದು ನನಗೆ ಗೊತ್ತು. ಎರಡು ಮೂರು ಮನೆ ಕೂಡಿ ಒಂದನ್ನು ಕೂಡಿಸಬಹುದೇ ಎಂದು ವಸ್ತಿಯವರನ್ನು ಕೇಳಿ ನೋಡಿ.

ಆದರೆ ಇದೆಲ್ಲ ನೀವು ಮಾಡಿಕೊಂಡಿರಿ ಎಂಬ ಕಾರಣಕ್ಕೆ ಆ ನಳದ ಸಾಲ ತೀರುವುದಿಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ "ಮನೆ ಮನೆಗೆ ಗಂಗೆ", ಕೊಟ್ಟ ಮಾತು ಇಷ್ಟು: ಪ್ರತಿ ಗ್ರಾಮೀಣ ಮನೆಗೆ ನಳ, ಒಬ್ಬರಿಗೆ ದಿನಕ್ಕೆ 55 ಲೀಟರ್, ಮಾನದಂಡಕ್ಕೆ ಒಪ್ಪುವ ನೀರು, ತಪ್ಪದೆ. ಆರು ಜನರ ಮನೆಗೆ ದಿನಕ್ಕೆ 330 ಲೀಟರ್. 2024ಕ್ಕೆ ಮುಗಿಯಬೇಕಿದ್ದ ಈ ಕೆಲಸದ ಗಡುವನ್ನು 2025ರ ಬಜೆಟ್ಟಿನಲ್ಲಿ 2028ಕ್ಕೆ ಮುಂದೂಡಿದರು. ಶುದ್ಧ ನೀರು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟೂ ಹೇಳಿದೆ. ನಳ ಕೂಡಿಸಿದ ದಿನ ತೆಗೆದ ಫೋಟೋವನ್ನು ಈ ಮಾತಿಗೆ ರಸೀದಿ ಎಂದು ನಾನು ಒಪ್ಪುವುದಿಲ್ಲ.

ಗಾಳಿ ಏಕೆ ಬರುತ್ತದೆ? ಬಹುಗ್ರಾಮ ಯೋಜನೆಯಲ್ಲಿ ನೀರು ನದಿಯಿಂದ ಶುದ್ಧೀಕರಣ ಘಟಕಕ್ಕೆ, ಅಲ್ಲಿಂದ ಊರೂರಿನ ಎತ್ತರದ ಟ್ಯಾಂಕಿಗೆ, ಟ್ಯಾಂಕಿಯಿಂದ ಓಣಿಗೆ ಬರಬೇಕು. ಮೊದಲ ಊರುಗಳು ತುಂಬಿಕೊಳ್ಳುತ್ತವೆ. ಊರೊಳಗೆ ಅನುಕೂಲಸ್ಥರು ನಳಕ್ಕೇ ಮೋಟರ್ ಹಚ್ಚುತ್ತಾರೆ. ಕರೆಂಟ್ ಹೋದರೆ ಪಂಪು ನಿಲ್ಲುತ್ತದೆ. ಗಾವಠಾಣದ (ಊರಿನ ಮನೆಜಾಗದ) ಹೊರಗೆ, ದಿಬ್ಬದ ಮೇಲಿರುವ ಹನ್ನೊಂದು ಮನೆ ತನಕ ಒತ್ತಡ ಉಳಿಯುವುದಿಲ್ಲ. ಇದು ಬಿಡಿಸಲಾರದ ಗಂಟಲ್ಲ. ವಿಜಾಪುರಕ್ಕೆ ಬಂದಾಗ ಹಳೇ ಊರಿನ ಗಂಜ್‌ಗಳನ್ನು ನೋಡಿ. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಹರಿಯುತ್ತಿತ್ತು. ನಡುನಡುವೆ ಗೋಪುರದಂಥ ಈ ಗಂಜ್‌ಗಳಲ್ಲಿ ನೀರು ಏರಿ ಇಳಿದು, ಕೊಳವೆ ಒಡೆಯದಂತೆ ಒತ್ತಡ ಹಿಡಿತಕ್ಕೆ ಬರುತ್ತಿತ್ತು, ಕೆಸರೂ ತಳಕ್ಕೆ ಕೂಡುತ್ತಿತ್ತು. ಕರೆಂಟಿಲ್ಲದ ಕಾಲದವರು ಇಷ್ಟು ಯೋಚಿಸಿದ್ದರು. ನಿಮ್ಮ ವಸ್ತಿಗೆ ಬೇಕಿರುವುದೂ ಇಂಥದೇ ಒಂದು ಕಿರು ಟ್ಯಾಂಕಿ, ಅದನ್ನು ತುಂಬಿಸಲು ಬೇರೆ ವಾಲ್ವ್, ವಾಲ್ವ್ ತಿರುವಲು ಗೊತ್ತಾದ ದಿನ ಮತ್ತು ಗೊತ್ತಾದ ಹೊತ್ತು.

ಇನ್ನೊಂದು ಎಚ್ಚರ. ಬಹುದಿನ ಖಾಲಿ ಬಿದ್ದ ಪೈಪು ಸೀಳಿದಲ್ಲಿ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಒಂದು ದಿನ ದಿಢೀರನೆ ನೀರು ಬಂದರೆ ಮೊದಲ ನೀರನ್ನು ಹೊರಗೆ ಹರಿಯಬಿಡಿ. ರಾಮದುರ್ಗ ತಾಲೂಕಿನ ಮುದೇನೂರಿನಲ್ಲಿ 2022ರ ಅಕ್ಟೋಬರ್‌ನಲ್ಲಿ ಕಲುಷಿತ ನೀರು ಜೀವ ತೆಗೆದದ್ದನ್ನು ನಾವು ಮರೆಯುವಂತಿಲ್ಲ. ಕೊನೆಯ ನಳದ ನೀರಿನಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬ ನಿಯಮ ಇರುವುದು ಇದಕ್ಕೇ.

ಒಂದು ಊರನ್ನು "ಹರ್ ಘರ್ ಜಲ್" (ಮನೆ ಮನೆಗೂ ನೀರು) ಎಂದು ದೃಢೀಕರಿಸಲು ಗ್ರಾಮಸಭೆಯ ಠರಾವು ಬೇಕು. ಮುಂದಿನ ಸಭೆಗೆ ಹನ್ನೊಂದೂ ಮನೆಯ ಹೆಣ್ಣುಮಕ್ಕಳು ಕೂಡಿ ಹೋಗಿ. ನೀರಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಯಾವ ತಿಂಗಳಿಂದ ನಿಂತಿದೆ, ಎಷ್ಟು ಮನೆ, ಕೊನೆಯ ನಳದ ಕ್ಲೋರಿನ್ ಯಾರು ಯಾವಾಗ ನೋಡಿದರು ಎಂಬುದು ನಡಾವಳಿಯಲ್ಲಿ ಬರಹಕ್ಕೆ ಬರಲಿ, ಅದರ ನಕಲು ಕೇಳಿ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು, ವಸ್ತಿಯಿಂದ ಒಬ್ಬರ ಹೆಸರು ಸೂಚಿಸಿ. ನೀವೇ ಆಗಬಾರದೇಕೆ? ಇಷ್ಟು ಸ್ಪಷ್ಟವಾಗಿ ಪತ್ರ ಬರೆದವರು ನೀವು.

ಪ್ರತಿ ಊರಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ಕಲಿಸಬೇಕೆಂಬುದೂ ಮಿಷನ್ನಿನ ನಿಯಮ. ನಿಮ್ಮೂರಲ್ಲಿ ಅವರು ಯಾರೆಂದು ಪಂಚಾಯಿತಿಯಲ್ಲಿ ವಿಚಾರಿಸಿ. ಕಿಟ್ಟಿನಲ್ಲಿ ಫ್ಲೋರೈಡ್ ಅಂದಾಜು ಸಿಗುತ್ತದೆ, ಖಚಿತಕ್ಕೆ ಪ್ರಯೋಗಾಲಯಕ್ಕೆ ಕೊಡಿ. ಬೋರನ್ನು ಐದು ನಿಮಿಷ ಓಡಿಸಿ, ಸ್ವಚ್ಛ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಒಂದು ಲೀಟರ್ ತುಂಬಿ, ಮೇಲೆ ಜಾಗ ಮತ್ತು ತಾರೀಕು ಬರೆಯಿರಿ. ಕ್ರಿಮಿ ಪರೀಕ್ಷೆಗೆ ಬಾಟಲಿ ಅವರೇ ಕೊಡಬೇಕು, ಮನೆಯದು ನಡೆಯುವುದಿಲ್ಲ.

ವರದಿ ಬಂದ ದಿನ ಒಂದು ನಕಲು ನಮಗೆ ಕಳಿಸಿ. ಫ್ಲೋರೈಡ್ ಎಂಬ ಸಾಲಿನ ಮುಂದೆ ಯಾವ ಅಂಕಿ ಇದೆ ನೋಡಿಕೊಂಡು ನಿಮಗೆ ಮತ್ತೆ ಬರೆಯುತ್ತೇನೆ. ಅಲ್ಲಿಯತನಕ ಸಣ್ಣವನ ಹಾಲು, ಗಂಜಿ, ಕುಡಿಯುವ ನೀರು ಎಲ್ಲ ಕ್ಯಾನಿನದೇ ಆಗಿರಲಿ.

ಸಂಪಾದಕ